21 ಆಟೊಸೆಕೆಂಡಿನ ತಗಾದೆ

ಮೇಷ್ಟ್ರು: ದ್ವಿತೀಯ ಪಿಯುಸಿಯಲ್ಲಿ ದ್ಯುತಿವಿದ್ಯುತ್ ಪರಿಣಾಮದ ಪಾಠಕ್ಕೆ ನಾನು ಬೋರ್ಡಿನ ಮೇಲೆ ನಾಲ್ಕು ಅಂಶ ಬರೆಸ್ತಿದ್ದೆ. ಕೊನೆಯದು ನೆನಪಿದೆಯಾ?

ಶಿಷ್ಯೆ: ಬೆಳಕು ಬಿದ್ದ ಕೂಡಲೇ ಎಲೆಕ್ಟ್ರಾನ್ ಹೊರಬೀಳುತ್ತೆ, ನಡುವೆ ತಡ ಇಲ್ಲ. ಇದ್ದರೂ ಸೆಕೆಂಡಿನ ನೂರು ಕೋಟಿಯಲ್ಲೊಂದು ಪಾಲಿಗಿಂತ ಕಡಿಮೆ. ಒಂದು ಮಾರ್ಕಿನ ಪ್ರಶ್ನೆ ಸಾರ್.

ಮೇಷ್ಟ್ರು: ಈಗ ನೀನು ಆ ತಡವನ್ನೇ ಅಳೀತಿದ್ದೀಯ ಅಂತ ಕೇಳಿದೆ. ಹಾಗಾದ್ರೆ ನಾಲ್ಕನೇ ಅಂಶವನ್ನ ಹೊಡೆದುಹಾಕಬೇಕಾ?

ಶಿಷ್ಯೆ: ಬೇಡ ಸಾರ್, ಅದು ಸರಿಯಾಗೇ ಇದೆ. ಆ ಮಿತಿ ಸುಮ್ಮನೆ ಬಂದದ್ದಲ್ಲ. 1928ರಲ್ಲಿ ಅರ್ನೆಸ್ಟ್ ಲಾರೆನ್ಸ್ ಮತ್ತು ಜೆಸ್ಸಿ ಬೀಮ್ಸ್ ಅನ್ನುವ ಇಬ್ಬರು ಕೂತು ಅಳೆದರು. ಮುಂದೆ ಸೈಕ್ಲೊಟ್ರಾನ್ ಕಟ್ಟಿದ ಲಾರೆನ್ಸ್ ಅವರೇ ಇವರು. ಅವರ ಉಪಕರಣ ಎಷ್ಟು ಸೂಕ್ಷ್ಮವೋ ಅಷ್ಟರ ಮಟ್ಟಿಗೆ ಹೇಳಿದರು: ತಡ ಇದ್ದರೆ ಅದು 3 ನಾನೋಸೆಕೆಂಡಿಗಿಂತ ಕಡಿಮೆ. ಸೊನ್ನೆ ಅಂತ ಅವರು ಹೇಳಲಿಲ್ಲ.

ಮೇಷ್ಟ್ರು: ನನ್ನ ಪ್ರಶ್ನೆ ಬೇರೆ. ಐನ್‌ಸ್ಟೈನ್ 1905ರಲ್ಲಿ ಹೇಳಿದ್ದಕ್ಕೆ ಪಾಠದಲ್ಲಿ ನಾವು ಕೊಡೋ ಒಂದು ಆಧಾರವೇ ತಡ ಇಲ್ಲ ಅನ್ನೋದು. ಬೆಳಕು ಬರೀ ಅಲೆಯಾಗಿದ್ದರೆ ಎಲೆಕ್ಟ್ರಾನ್ ಶಕ್ತಿಯನ್ನ ಚೂರು ಚೂರೇ ಕೂಡಿಟ್ಟುಕೊಳ್ಳಬೇಕು. ಮಂದ ಬೆಳಕಾದರೆ ಗಂಟೆಗಟ್ಟಲೆ ಕಾಯಬೇಕು. ಹಾಗಾಗಲ್ಲ, ಆದ್ದರಿಂದ ಬೆಳಕು ಪೊಟ್ಟಣಗಳಾಗಿ ಬರುತ್ತೆ. ಇದೇ ವಾದ. ತಡ ಇದೆ ಅಂತ ನೀನು ಹೇಳಿದ ಮೇಲೆ ಈ ವಾದ ನಿಲ್ಲುತ್ತಾ?

ಶಿಷ್ಯೆ: ನಿಲ್ಲುತ್ತೆ, ಯಾಕಂದ್ರೆ ಇವು ಎರಡು ಬೇರೆ ಬೇರೆ ತಡ. ನೀವು ಹೇಳಿದ್ದು ಶಕ್ತಿಯನ್ನ ಸಂಗ್ರಹಿಸಿಕೊಳ್ಳೋ ತಡ. ಅದು ಇವತ್ತಿಗೂ ಇಲ್ಲ. ನಾವು ನೋಡೋದು ಫೋಟಾನನ್ನ ನುಂಗಿದ ಎಲೆಕ್ಟ್ರಾನ್ ಪರಮಾಣುವನ್ನ ದಾಟಿ ಹೊರಗೆ ಹೋಗೋ ತಡ. ನ್ಯೂಕ್ಲಿಯಸ್ ಅದನ್ನ ಹಿಂದಕ್ಕೆ ಎಳೀತಿರುತ್ತೆ, ಉಳಿದ ಎಲೆಕ್ಟ್ರಾನ್‌ಗಳು ಪಕ್ಕಕ್ಕೆ ನೂಕ್ತಿರುತ್ತವೆ. ಏನೂ ಅಡ್ಡಿಯಿಲ್ಲದ ಜಾಗದಲ್ಲಿ ಅದೇ ವೇಗದಲ್ಲಿ ಹೋಗುವ ಎಲೆಕ್ಟ್ರಾನಿಗೆ ಹೋಲಿಸಿದರೆ ಇದು ಒಂದಿಷ್ಟು ಮುಂದೋ ಹಿಂದೋ ಆಗುತ್ತೆ. ಯೂಜೀನ್ ವಿಗ್ನರ್ 1955ರಲ್ಲೇ ಇದರ ಗಣಿತ ಬರೆದಿಟ್ಟಿದ್ದರು. ಅಳೆಯೋಕೆ ಯಾರ ಹತ್ತಿರವೂ ಗಡಿಯಾರ ಇರಲಿಲ್ಲ, ಅಷ್ಟೇ.

ಮೇಷ್ಟ್ರು: ಆ ತಡ ಎಷ್ಟು?

ಶಿಷ್ಯೆ: ನಿಯಾನ್ ಪರಮಾಣುವಿನಲ್ಲಿ ಮೊದಲು ಸಿಕ್ಕಿದ ಅಂಕಿ 21 ಆಟೊಸೆಕೆಂಡ್. ಸೆಕೆಂಡನ್ನ ನೂರು ಕೋಟಿ ಪಾಲು ಮಾಡಿ, ಅದರಲ್ಲೊಂದು ಪಾಲನ್ನ ಮತ್ತೆ ನೂರು ಕೋಟಿ ಪಾಲು ಮಾಡಿದರೆ ಒಂದು ಆಟೊಸೆಕೆಂಡ್. ವಿಶ್ವ ಹುಟ್ಟಿ 1380 ಕೋಟಿ ವರ್ಷ ಆಯ್ತಲ್ಲ, ಅಷ್ಟೂ ವರ್ಷಗಳ ಸೆಕೆಂಡುಗಳನ್ನ ಎಣಿಸಿದರೂ ಒಂದು ಸೆಕೆಂಡಿನೊಳಗಿರುವ ಆಟೊಸೆಕೆಂಡುಗಳ ಅರ್ಧಕ್ಕೂ ಬರೋದಿಲ್ಲ. ನಿಮ್ಮ ನಾಲ್ಕನೇ ಅಂಶದ ಮಿತಿ ಈ ತಡಕ್ಕಿಂತ ಸುಮಾರು ಐದು ಕೋಟಿ ಪಟ್ಟು ದೊಡ್ಡದು.

ಮೇಷ್ಟ್ರು: ದೊಡ್ಡ ಅಂಕಿ ಹೇಳಿದರೆ ಮಕ್ಕಳು ಬೆರಗಾಗ್ತಾರೆ, ತಿಳಿದುಕೊಳ್ಳಲ್ಲ. ನನಗೆ ಬೇಕಾಗಿರೋದು ಕೆಲಸದ ಬಗೆ. ಅಷ್ಟು ಚಿಕ್ಕ ಬೆಳಕಿನ ಪಲ್ಸ್ ಎಲ್ಲಿಂದ ಬರುತ್ತೆ? ಲೇಸರ್ ಬಟನ್ ಒತ್ತಿ ಬಿಟ್ಟರೆ ಬರಲ್ಲ ತಾನೇ?

ಶಿಷ್ಯೆ: ಲೇಸರಿನಿಂದ ನೇರವಾಗಿ ಬರೋ ಹಾಗೇ ಇಲ್ಲ. ಬೆಳಕಿನ ಪಲ್ಸ್ ಅದರ ಅಲೆಯ ಒಂದು ಸುತ್ತಿಗಿಂತ ಹೆಚ್ಚು ಚಿಕ್ಕದಾಗಲು ಆಗಲ್ಲ. ನಾವು ಬಳಸೋ ಟೈಟೇನಿಯಂ-ಸಫೈರ್ ಲೇಸರಿನ ಬೆಳಕು 800 ನಾನೋಮೀಟರ್. ಕಣ್ಣಿಗೆ ಕಾಣೋ ಕೆಂಪಿನ ಅಂಚು ದಾಟಿದ ಅವಕೆಂಪು. ಅದರ ಒಂದು ಸುತ್ತೇ ಸುಮಾರು 2.7 ಫೆಮ್ಟೊಸೆಕೆಂಡ್, ಅಂದರೆ 2700 ಆಟೊಸೆಕೆಂಡ್. ಇದಕ್ಕಿಂತ ಕೆಳಗಿಳೀಬೇಕಾದರೆ ಅಲೆಯೇ ಚಿಕ್ಕದಾಗಬೇಕು, ಅತಿನೇರಳೆಯ ಆಚೆಗೆ ಹೋಗಬೇಕು. ಆ ಬೆಳಕನ್ನ ನಮಗೆ ಮಾಡಿಕೊಡೋದು ಪರಮಾಣುಗಳು. ಲೇಸರ್ ಅವುಗಳ ಕೈಯಲ್ಲಿ ಆ ಕೆಲಸ ಮಾಡಿಸುತ್ತೆ.

ಮೇಷ್ಟ್ರು: ಇದನ್ನ ಕಂಡುಹಿಡಿದದ್ದು ಆ ಫ್ರೆಂಚ್ ಹೆಣ್ಣುಮಗಳು ಅಲ್ವಾ? ನೊಬೆಲ್ ಬಂದಾಗ ಕ್ಲಾಸಲ್ಲಿ ಪಾಠ ಮಾಡ್ತಿದ್ದವರು?

ಶಿಷ್ಯೆ: ಹೌದು, ಆನ್ ಲ್ಯುಲಿಯೆ. ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್. 2023ರ ಅಕ್ಟೋಬರ್ 3ರಂದು ತರಗತಿಯ ನಡುವಿನ ವಿರಾಮದಲ್ಲಿ ಫೋನ್ ನೋಡಿದಾಗ ಗೊತ್ತಾಯ್ತು. ಮಾತಾಡಿ, ವಾಪಸ್ ಹೋಗಿ, ಉಳಿದ ಪಾಠ ಮುಗಿಸಿದರು.

ಮೇಷ್ಟ್ರು: ಮುಗಿಸಿದರಲ್ಲ, ಅದು ನನಗೆ ನೊಬೆಲ್‌ಗಿಂತ ಹೆಚ್ಚು. ಸರಿ, ಅವರು ಮಾಡಿದ್ದೇನು?

ಶಿಷ್ಯೆ: 1987ರಲ್ಲಿ, ಪ್ಯಾರಿಸ್ ಹತ್ತಿರದ ಸಾಕ್ಲೆ ಸಂಶೋಧನಾ ಕೇಂದ್ರದಲ್ಲಿ, ಅವರ ತಂಡ ಆರ್ಗಾನ್‌ನಂಥ ಜಡಾನಿಲಗಳ ಮೇಲೆ ಬಲವಾದ ಅವಕೆಂಪು ಲೇಸರ್ ಹಾಯಿಸಿತು. ತರಂಗದೂರ 1064 ನಾನೋಮೀಟರ್. ಅನಿಲದಿಂದ ಹೊರಬಂದ ಬೆಳಕನ್ನ ಬಿಡಿಸಿ ನೋಡಿದರೆ ಅದರಲ್ಲಿ ಮೂಲ ಬೆಳಕಿನ ಮೂರು ಪಟ್ಟು ಆವೃತ್ತಿ, ಐದು ಪಟ್ಟು, ಏಳು ಪಟ್ಟು, ಹೀಗೆ ಹಾರ್ಮೋನಿಕ್‌ಗಳ ಸಾಲು. ಆರ್ಗಾನಿನಲ್ಲಿ 33ನೆಯದರವರೆಗೂ ಸಿಕ್ಕಿತು.

ಮೇಷ್ಟ್ರು: ತಂಬೂರಿಯ ತಂತಿಯ ಹಾಗೆ.

ಶಿಷ್ಯೆ: ಹಾಗೇ ಸಾರ್. ಮಂದ್ರ ಷಡ್ಜದ ತಂತಿ ಮೀಟಿದರೆ ಒಳಗಿನಿಂದ ಅಂತರ ಗಾಂಧಾರ ತಾನಾಗೇ ಕೇಳಿಸುತ್ತಲ್ಲ, ಅದು ಐದನೇ ಹಾರ್ಮೋನಿಕ್. ನಿಮಗೆ ಗೊತ್ತಿರುತ್ತೆ, ಸಿ.ವಿ. ರಾಮನ್ ಬೆಳಕಿನ ಕೆಲಸದ ಜೊತೆಜೊತೆಗೇ ವೀಣೆ, ತಂಬೂರಿ, ಮೃದಂಗಗಳ ಹಾರ್ಮೋನಿಕ್‌ಗಳ ಮೇಲೆ ಪ್ರಬಂಧ ಬರೆದವರು. ಮೃದಂಗದ ಕರಣೆ ಹೇಗೆ ಚರ್ಮದ ನಾದವನ್ನ ಕ್ರಮಕ್ಕೆ ತರುತ್ತೆ ಅನ್ನೋ ಅವರ ದೊಡ್ಡ ಲೇಖನ ಬೆಂಗಳೂರಿಗೆ ಬಂದ ಮೇಲಿನದು. ತಂತಿಗೂ ಪರಮಾಣುವಿಗೂ ಒಂದು ವ್ಯತ್ಯಾಸ ಇದೆ. ತಂತಿಯಲ್ಲಿ ಎರಡು, ನಾಲ್ಕು, ಆರು ಎಲ್ಲ ಬರುತ್ತವೆ. ಅನಿಲದ ಪರಮಾಣುವಿಗೆ ಎಡ ಬಲ ಎರಡೂ ಒಂದೇ. ಆದ್ದರಿಂದ ಬೆಸ ಸಂಖ್ಯೆಯವು ಮಾತ್ರ ಉಳೀತವೆ.

ಮೇಷ್ಟ್ರು: ತಂತಿಯಲ್ಲಿ ಮೇಲಿನ ಹಾರ್ಮೋನಿಕ್‌ಗಳು ಕ್ಷೀಣ ಆಗ್ತಾ ಹೋಗುತ್ತವೆ. ಮೂವತ್ತಮೂರನೆಯದು ಇದ್ದರೂ ಕೇಳಿಸೋಕೆ ಸಾಧ್ಯ ಇಲ್ಲ.

ಶಿಷ್ಯೆ: ಎಲ್ಲರೂ ಅದನ್ನೇ ನಿರೀಕ್ಷಿಸಿದ್ದರು. ಮೂರು ಫೋಟಾನ್ ಒಟ್ಟಿಗೆ ನುಂಗೋದೇ ಕಷ್ಟ, ಐದು ಇನ್ನೂ ಕಷ್ಟ, ಮೂವತ್ತಮೂರಂತೂ ಆಗದ ಮಾತು. ಆದರೆ ಮೊದಲ ಕೆಲವು ಹಾರ್ಮೋನಿಕ್ ಕುಸಿದ ಮೇಲೆ ಕುಸಿತ ನಿಂತುಬಿಟ್ಟಿತು. ಮುಂದಿನವೆಲ್ಲ ಹೆಚ್ಚುಕಮ್ಮಿ ಒಂದೇ ಎತ್ತರ, ಸಮತಟ್ಟು. ಆಮೇಲೆ ಒಂದು ಕಡೆ ಥಟ್ಟನೆ ಕೊನೆ. ಆಗ ಇದ್ದ ಲೆಕ್ಕದಿಂದ ಇದನ್ನ ವಿವರಿಸೋಕೆ ಆಗ್ತಿರಲಿಲ್ಲ. ಲ್ಯುಲಿಯೆ ಅದನ್ನ ಬಿಡಲಿಲ್ಲ. ಪ್ರಯೋಗದವರೇ ಕೂತು ಸಿದ್ಧಾಂತವನ್ನೂ ಕಲಿತರು.

ಮೇಷ್ಟ್ರು: ಕೊನೆಗೆ ಏನು ಉತ್ತರ ಸಿಕ್ಕಿತು?

ಶಿಷ್ಯೆ: 1993ರಲ್ಲಿ ಕೆನಡಾದ ಆಟವಾದಲ್ಲಿದ್ದ ಪಾಲ್ ಕೋರ್ಕಮ್ ಮೂರು ಹೆಜ್ಜೆಯಲ್ಲಿ ಹೇಳಿದರು. ಅದೇ ಹೊತ್ತಿಗೆ ಅಮೆರಿಕದಲ್ಲಿ ಕೆನೆತ್ ಕುಲಾಂಡರ್ ತಂಡದವರೂ ಅಲ್ಲಿಗೇ ತಲುಪಿದ್ದರು. ಹೈಡ್ರೊಜನ್‌ನಲ್ಲಿ ಎಲೆಕ್ಟ್ರಾನ್ ಇರೋ ಜಾಗದಲ್ಲಿ ನ್ಯೂಕ್ಲಿಯಸ್ಸಿನ ವಿದ್ಯುತ್ ಕ್ಷೇತ್ರ ಮೀಟರಿಗೆ ಐವತ್ತು ಸಾವಿರ ಕೋಟಿ ವೋಲ್ಟ್. ನಾವು ಹಾಯಿಸೋ ಲೇಸರಿನ ಕ್ಷೇತ್ರ ಅದರ ಇಪ್ಪತ್ತರಲ್ಲೊಂದು ಪಾಲಿನಷ್ಟು. ಅಷ್ಟು ಸಾಕು. ಎಲೆಕ್ಟ್ರಾನನ್ನ ಹಿಡಿದಿಟ್ಟ ತಡೆ ಒಂದು ಕಡೆ ಬಾಗಿ ತೆಳುವಾಗುತ್ತೆ, ಎಲೆಕ್ಟ್ರಾನ್ ಅದರೊಳಗಿಂದ ನುಸುಳುತ್ತೆ. ಇದು ಮೊದಲ ಹೆಜ್ಜೆ. ಹೊರಗೆ ಬಂದದ್ದನ್ನ ಲೇಸರಿನ ಕ್ಷೇತ್ರ ದೂರ ಒಯ್ಯುತ್ತೆ. ಅಷ್ಟರಲ್ಲಿ ಅಲೆ ತಿರುಗುತ್ತೆ, ಅದೇ ಎಲೆಕ್ಟ್ರಾನನ್ನ ವೇಗ ಕೊಟ್ಟು ತೌರಿನ ಕಡೆಗೇ ಓಡಿಸುತ್ತೆ. ಇದು ಎರಡನೆಯದು. ಮೂರನೆಯದರಲ್ಲಿ ಅದು ಹೊರಟ ಪರಮಾಣುವಿಗೇ ಬಂದು ಬೀಳುತ್ತೆ, ದಾರಿಯಲ್ಲಿ ಗಳಿಸಿದ ಶಕ್ತಿಯನ್ನೆಲ್ಲ ಒಂದೇ ಫೋಟಾನಾಗಿ ಬಿಡುತ್ತೆ. ಹೋಗಿ ಬರೋದೆಲ್ಲ ಅಲೆಯ ಒಂದು ಸುತ್ತಿನೊಳಗೆ. ಮೂವತ್ತಮೂರು ಫೋಟಾನ್‌ಗಳನ್ನ ಒಂದೊಂದಾಗಿ ನುಂಗಬೇಕಾದ ಕಷ್ಟ ಇಲ್ಲಿಲ್ಲ, ಆದ್ದರಿಂದಲೇ ಆ ಸಮತಟ್ಟು. ಕ್ಷೇತ್ರ ಕೊಡಬಲ್ಲ ಗರಿಷ್ಠ ವೇಗಕ್ಕೆ ಒಂದು ಮಿತಿ ಇದೆ, ಆದ್ದರಿಂದಲೇ ಆ ಕೊನೆ.

ಮೇಷ್ಟ್ರು: ಇದರ ಅರ್ಧ ಭಾಗ ಕ್ವಾಂಟಮ್, ಅರ್ಧ ಭಾಗ ನಾನು ಪ್ರಥಮ ಪಿಯುಸಿಗೆ ಹೇಳಿಕೊಡೋ ನ್ಯೂಟನ್. ಬಹಳ ಚೆನ್ನಾಗಿದೆ. ಕೋರ್ಕಮ್‌ಗೂ ನೊಬೆಲ್ ಬಂತಾ?

ಶಿಷ್ಯೆ: ಬರಲಿಲ್ಲ. 2022ರ ವುಲ್ಫ್ ಪ್ರಶಸ್ತಿಯನ್ನ ಲ್ಯುಲಿಯೆ, ಫೆರೆಂಕ್ ಕ್ರೌಸ್ ಜೊತೆ ಹಂಚಿಕೊಂಡರು. ಮರುವರ್ಷದ ನೊಬೆಲ್ ಲ್ಯುಲಿಯೆ, ಕ್ರೌಸ್, ಪಿಯೆರ್ ಅಗೊಸ್ತಿನಿ ಮೂವರಿಗೆ ಹೋಯಿತು. ಮೂವರಿಗಿಂತ ಹೆಚ್ಚು ಕೊಡಬಾರದು ಅನ್ನೋ ನಿಯಮ ಇಂಥ ವಿಷಯಕ್ಕೆ ಹೊಂದೋದಿಲ್ಲ ಅಂತ ನನ್ನ ಅಭಿಪ್ರಾಯ. ಈ ಕ್ಷೇತ್ರದಲ್ಲಿ ಕೆಲಸ ಮಾಡೋರೆಲ್ಲ ದಿನಾ ಯೋಚಿಸೋದು ಕೋರ್ಕಮ್ ಕೊಟ್ಟ ಚಿತ್ರದಲ್ಲೇ.

ಮೇಷ್ಟ್ರು: ಉಳಿದಿಬ್ಬರು ಮಾಡಿದ್ದು?

ಶಿಷ್ಯೆ: ಹಾರ್ಮೋನಿಕ್‌ಗಳು ಸಿಕ್ಕಿದವು ಅಂದ ಮಾತ್ರಕ್ಕೆ ಚಿಕ್ಕ ಪಲ್ಸ್ ಸಿಕ್ಕ ಹಾಗಲ್ಲ ಸಾರ್. ಅವೆಲ್ಲ ಒಟ್ಟಿಗೆ ತಾಳ ತಪ್ಪದೆ ನಡೆದರೆ ಮಾತ್ರ ಒಂದರ ಮೇಲೊಂದು ಕೂಡಿ ಚೂಪಾದ ಪಲ್ಸ್ ಆಗುತ್ತೆ. ಇಲ್ಲದಿದ್ದರೆ ಒಂದನ್ನೊಂದು ಅಳಿಸಿಹಾಕುತ್ತೆ. ತಾಳ ಕೂಡಿದೆಯಾ ಅಂತ ನೋಡೋ ಉಪಾಯ ಬರೋಕೆ 2001 ಆಗಬೇಕಾಯ್ತು. 1987ರಿಂದ 14 ವರ್ಷ. ಫ್ರಾನ್ಸಿನಲ್ಲಿ ಅಗೊಸ್ತಿನಿ ತಂಡ ಒಂದರ ಹಿಂದೊಂದು ಬರೋ ಪಲ್ಸ್‌ಗಳ ಸಾಲು ತೋರಿಸಿತು, ಒಂದೊಂದೂ 250 ಆಟೊಸೆಕೆಂಡ್. ಅದೇ ವರ್ಷ ವಿಯೆನ್ನಾದಲ್ಲಿ ಹಂಗೇರಿ ಮೂಲದ ಕ್ರೌಸ್ ತಂಡ ಒಂಟಿ ಪಲ್ಸ್ ಬೇರ್ಪಡಿಸಿತು, 650 ಆಟೊಸೆಕೆಂಡಿನದು. ಅವರ ಅಳತೆಯ ವಿಧಾನಗಳು ಬೇರೆ ಬೇರೆ. ಮುಂದೆ ಅದೇ ಮುಖ್ಯ ಆಗುತ್ತೆ.

ಮೇಷ್ಟ್ರು: ಹೇಳು. ನಿಯಾನಿಗೆ ಬರೋಣ.

ಶಿಷ್ಯೆ: 2010. ಕ್ರೌಸ್ ಆಗ ಜರ್ಮನಿಯ ಗಾರ್ಖಿಂಗ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯಲ್ಲಿದ್ದರು. ನಿಯಾನಿನ ಹೊರಚಿಪ್ಪಿನಲ್ಲಿ ಎರಡು ಬಗೆಯ ಎಲೆಕ್ಟ್ರಾನ್: 2s ಮತ್ತು 2p. 2p ಬಿಡಿಸೋಕೆ ಸುಮಾರು 21.6 ಎಲೆಕ್ಟ್ರಾನ್ ವೋಲ್ಟ್ ಬೇಕು, 2s ಬಿಡಿಸೋಕೆ 48.5. ನೂರು ಎಲೆಕ್ಟ್ರಾನ್ ವೋಲ್ಟ್ ಆಸುಪಾಸಿನ ಆಟೊಸೆಕೆಂಡ್ ಪಲ್ಸ್ ಹಾಯಿಸಿದರೆ ಎರಡು ಬಗೆಯವೂ ಹೊರಗೆ ಬರುತ್ತವೆ, ಒಂದು ಹೆಚ್ಚು ಶಕ್ತಿಯಲ್ಲಿ, ಒಂದು ಕಡಿಮೆ ಶಕ್ತಿಯಲ್ಲಿ. ಜೊತೆಗೇ ಅವಕೆಂಪು ಲೇಸರಿನ ಅಲೆಯನ್ನೂ ಅದೇ ಜಾಗಕ್ಕೆ ಬಿಡ್ತಾರೆ. ಎಲೆಕ್ಟ್ರಾನ್ ಹೊರಬಿದ್ದ ಗಳಿಗೆಯಲ್ಲಿ ಆ ಅಲೆ ಯಾವ ಹಂತದಲ್ಲಿತ್ತೋ ಅದರ ಮೇಲೆ ಎಲೆಕ್ಟ್ರಾನಿಗೆ ಒಂದಿಷ್ಟು ಶಕ್ತಿ ಕೂಡುತ್ತೆ, ಇಲ್ಲ ಕಳೆಯುತ್ತೆ. ಅಂದರೆ ಗಳಿಗೆ ಯಾವುದು ಅನ್ನೋದು ಶಕ್ತಿಯಲ್ಲಿ ಬರೆದುಕೊಳ್ಳುತ್ತೆ. ಶಕ್ತಿಯನ್ನ ಅಳೆಯೋದು ನಮಗೆ ಗೊತ್ತು.

ಮೇಷ್ಟ್ರು: ಎರಡು ಪಲ್ಸ್‌ಗಳ ನಡುವಿನ ಅಂತರ ಬದಲಾಯಿಸೋದು ಹೇಗೆ? ಅಷ್ಟು ವೇಗದ ಸ್ವಿಚ್ ಇಲ್ಲ.

ಶಿಷ್ಯೆ: ಕನ್ನಡಿ ಸರಿಸ್ತೀವಿ. ಬೆಳಕು ಒಂದು ಫೆಮ್ಟೊಸೆಕೆಂಡಿನಲ್ಲಿ 300 ನಾನೋಮೀಟರ್ ಹೋಗುತ್ತೆ. ಕನ್ನಡಿಯನ್ನ 150 ನಾನೋಮೀಟರ್ ಹಿಂದಕ್ಕೆ ಸರಿಸಿದರೆ ಹೋಗಿ ಬರೋ ದಾರಿ 300 ನಾನೋಮೀಟರ್ ಉದ್ದ ಆಗುತ್ತೆ, ಪಲ್ಸ್ ಒಂದು ಫೆಮ್ಟೊಸೆಕೆಂಡ್ ತಡವಾಗಿ ಬರುತ್ತೆ. ಇಡೀ ಕ್ಷೇತ್ರ ಇದರ ಮೇಲೆ ನಿಂತಿದೆ. ಕೆಲಸ ಮಾಡೋರಿಗೆ ಕಾಲ ಅಂದರೆ ಉದ್ದ. 21 ಆಟೊಸೆಕೆಂಡ್ ಅಂದರೆ ಕನ್ನಡಿಯ ಲೆಕ್ಕದಲ್ಲಿ ಮೂರು ನಾನೋಮೀಟರ್ ಚಿಲ್ಲರೆ. ಹತ್ತು ಹನ್ನೆರಡು ಪರಮಾಣು ಸಾಲಾಗಿ ನಿಂತಷ್ಟು.

ಮೇಷ್ಟ್ರು: ಪಕ್ಕದ ರಸ್ತೆಯಲ್ಲಿ ಲಾರಿ ಹೋದರೆ?

ಶಿಷ್ಯೆ: ಮೇಜೇ ಗಾಳಿಯ ದಿಂಬಿನ ಮೇಲೆ ತೇಲ್ತಿರುತ್ತೆ. ಕೋಣೆಯ ಉಷ್ಣತೆ ಒಂದೇ ಸಮ ಇರಬೇಕು. ಅತಿನೇರಳೆಯ ಆಚೆಯ ಈ ಬೆಳಕನ್ನ ಗಾಳಿ ಹೀರಿಬಿಡೋದರಿಂದ ದಾರಿಯೆಲ್ಲ ನಿರ್ವಾತ. ಪಂಪ್‌ಗಳ ಶಬ್ದದಲ್ಲಿ ಒಬ್ಬರ ಮಾತು ಒಬ್ಬರಿಗೆ ಕೇಳಿಸಲ್ಲ. ಆದರೆ ನಿಯಾನಿನ ಪ್ರಯೋಗದಲ್ಲಿ ಒಂದು ಜಾಣತನ ಇತ್ತು. ಎರಡೂ ಎಲೆಕ್ಟ್ರಾನನ್ನ ಹೊರಡಿಸಿದ್ದು ಒಂದೇ ಪಲ್ಸ್. ಕನ್ನಡಿ ನಡುಗಿದರೂ ಎರಡರ ಲೆಕ್ಕವೂ ಒಟ್ಟಿಗೇ ಜರುಗುತ್ತೆ, ನಡುವಿನ ವ್ಯತ್ಯಾಸ ಹಾಗೇ ಉಳಿಯುತ್ತೆ. ಅಂತರ ಬದಲಾಯಿಸ್ತಾ ಹೋದಾಗ ಎರಡರ ಶಕ್ತಿಯೂ ಅಲೆಯ ಹಾಗೆ ಏರಿಳಿಯಿತು. ಆ ಎರಡು ಏರಿಳಿತಗಳು ಒಂದರ ಮೇಲೊಂದು ಸರಿಯಾಗಿ ಕೂರಲಿಲ್ಲ. 2p ಎಲೆಕ್ಟ್ರಾನ್ 2s ಗಿಂತ 21 ಆಟೊಸೆಕೆಂಡ್ ತಡ. ಐದು ಆಟೊಸೆಕೆಂಡ್ ಹೆಚ್ಚುಕಮ್ಮಿ ಇರಬಹುದು ಅಂತ ಅವರೇ ಬರೆದರು.

ಮೇಷ್ಟ್ರು: ಸಿದ್ಧಾಂತ ಏನು ಹೇಳ್ತಿತ್ತು?

ಶಿಷ್ಯೆ: ಅಲ್ಲೇ ತಗಾದೆ ಶುರುವಾಗಿದ್ದು. ಲೆಕ್ಕ ಹಾಕಿದವರಿಗೆ ಬಂದದ್ದು ಅದರ ಅರ್ಧಕ್ಕೂ ಕಡಿಮೆ. ಅಳೆಯೋಕೆ ಬಳಸಿದ ಅವಕೆಂಪು ಲೇಸರೇ ಹೊರಟ ಎಲೆಕ್ಟ್ರಾನನ್ನ ಎಳೆದಾಡಿ ತನ್ನದೊಂದು ತಡ ಸೇರಿಸುತ್ತೆ. ಅದನ್ನ ಕಳೆದು ನೋಡಿದರು. ಉಳಿದ ಎಲೆಕ್ಟ್ರಾನ್‌ಗಳ ಪರಸ್ಪರ ತಳ್ಳಾಟವನ್ನ ಇನ್ನೂ ಸೂಕ್ಷ್ಮವಾಗಿ ಸೇರಿಸಿ ನೋಡಿದರು. ಒಬ್ಬರಲ್ಲ, ಹಲವು ದೇಶಗಳ ತಂಡಗಳು. ಎಲ್ಲರ ಲೆಕ್ಕವೂ ಪರಸ್ಪರ ಹತ್ತಿರ ಬಂತು, 21ಕ್ಕೆ ಮಾತ್ರ ಬರಲಿಲ್ಲ.

ಮೇಷ್ಟ್ರು: ಹತ್ತು ಹನ್ನೆರಡು ಆಟೊಸೆಕೆಂಡಿನ ವ್ಯತ್ಯಾಸ. ಬಿಟ್ಟುಬಿಡಬಹುದಿತ್ತು ಅಂತ ಯಾರಾದರೂ ಹೇಳಿರಬಹುದು.

ಶಿಷ್ಯೆ: ಬಿಟ್ಟಿದ್ದರೆ ಏನನ್ನ ಬಿಡ್ತಿದ್ದೆವು ನೋಡಿ ಸಾರ್. ನಿಯಾನ್ ಅಂದರೆ ಹತ್ತು ಎಲೆಕ್ಟ್ರಾನಿನ ಸರಳ ಪರಮಾಣು. ಇದರಲ್ಲೇ ಲೆಕ್ಕಕ್ಕೂ ಅಳತೆಗೂ ಎರಡು ಪಟ್ಟು ವ್ಯತ್ಯಾಸ ಬಂದರೆ, ನಾಳೆ ದೊಡ್ಡ ಅಣುವಿನಲ್ಲಿ ಸಿಕ್ಕ ಅಂಕಿಯನ್ನ ನಂಬೋದು ಹೇಗೆ? ಒಂದೋ ಹಲವು ಎಲೆಕ್ಟ್ರಾನ್ ಒಟ್ಟಿಗಿದ್ದಾಗ ಏನಾಗುತ್ತೆ ಅನ್ನೋದು ನಮಗೆ ಗೊತ್ತಿಲ್ಲ, ಇಲ್ಲ ಅಳತೆಯೊಳಗೆ ಬೇರೇನೋ ಸೇರಿಕೊಂಡಿದೆ. ಎರಡರಲ್ಲಿ ಯಾವುದು ಅಂತ ತಿಳಿಯದೆ ಮುಂದೆ ಹೋಗೋ ಹಾಗಿರಲಿಲ್ಲ. ಏಳು ವರ್ಷ ಹಿಡಿಯಿತು.

ಮೇಷ್ಟ್ರು: ಯಾವುದು?

ಶಿಷ್ಯೆ: ಅಳತೆಯೊಳಗೆ ಸೇರಿಕೊಂಡದ್ದು. ಒಂದು 2p ಎಲೆಕ್ಟ್ರಾನ್ ಹೊರಗೆ ಹೋಗುವಾಗ ಕೆಲವು ಸಲ ಇನ್ನೊಂದು 2p ಎಲೆಕ್ಟ್ರಾನಿಗೆ ಅದರ ಅಲುಗಾಟ ತಗುಲಿ ಅದು ಮೇಲಿನ ಮಟ್ಟಕ್ಕೆ ಏರಿಬಿಡುತ್ತೆ. ಆಗ ಹೊರಗೆ ಹೋದ ಎಲೆಕ್ಟ್ರಾನಿಗೆ ಅಷ್ಟು ಶಕ್ತಿ ಕಡಿಮೆ ಉಳಿಯುತ್ತೆ. ಅದು ಬಂದು ನಿಲ್ಲೋ ಜಾಗ 2s ಎಲೆಕ್ಟ್ರಾನಿನ ಪಕ್ಕದಲ್ಲೇ, ಏಳೆಂಟು ಎಲೆಕ್ಟ್ರಾನ್ ವೋಲ್ಟ್ ಅಂತರದಲ್ಲಿ.

ಮೇಷ್ಟ್ರು: ಏಳೆಂಟು ವೋಲ್ಟ್ ಚಿಕ್ಕದಲ್ಲವಲ್ಲ, ಬೇರ್ಪಡಿಸಿ ನೋಡಬಹುದಿತ್ತು.

ಶಿಷ್ಯೆ: ಪಲ್ಸ್ ಎಷ್ಟು ಚಿಕ್ಕದೋ ಅದರೊಳಗಿನ ಫೋಟಾನ್‌ಗಳ ಶಕ್ತಿಯ ಹರವು ಅಷ್ಟು ಅಗಲ. ನೀವು ಅನಿಶ್ಚಿತತೆಯ ಪಾಠದಲ್ಲಿ ಹೇಳಿಕೊಟ್ಟದ್ದೇ. 200 ಆಟೊಸೆಕೆಂಡಿನ ಪಲ್ಸ್‌ಗೆ ಕಡಿಮೆ ಅಂದರೂ ಸುಮಾರು 9 ಎಲೆಕ್ಟ್ರಾನ್ ವೋಲ್ಟ್ ಅಗಲ ಇರಲೇಬೇಕು. ಒಂಬತ್ತು ಅಗಲದ ಗೆರೆಯಲ್ಲಿ ಏಳೆಂಟು ದೂರದ ಎರಡು ಗುಂಪುಗಳು ಬೆರೆತುಹೋಗುತ್ತವೆ. ಪಲ್ಸ್ ಚಿಕ್ಕದಾಗಿದ್ದೇ ಕಷ್ಟಕ್ಕೆ ಕಾರಣ. ಕಾಲವನ್ನ ಸೂಕ್ಷ್ಮವಾಗಿ ಹಿಡಿಯೋಕೆ ಹೋಗಿ ಯಾವ ಎಲೆಕ್ಟ್ರಾನ್ ಅನ್ನೋ ಗುರುತು ಮಸುಕಾಯ್ತು.

ಮೇಷ್ಟ್ರು: ಹಾಗಾದ್ರೆ ಇದನ್ನ ಯಾವತ್ತೂ ಬಿಡಿಸೋಕೆ ಆಗಬಾರದು! ಕಾಲ ಬೇಕಾದರೆ ಶಕ್ತಿ ಹೋಗುತ್ತೆ, ಶಕ್ತಿ ಬೇಕಾದರೆ ಕಾಲ ಹೋಗುತ್ತೆ.

ಶಿಷ್ಯೆ: ನಾನೂ ಮೊದಲು ಅಲ್ಲೇ ನಿಂತುಕೊಂಡಿದ್ದೆ. ದಾರಿ ತೋರಿಸಿದ್ದು ಅಗೊಸ್ತಿನಿಯವರ ಹಳೆಯ ವಿಧಾನ. ಅದರಲ್ಲಿ ಒಂಟಿ ಪಲ್ಸ್ ಬದಲು ಪಲ್ಸ್‌ಗಳ ಸಾಲು ಇರುತ್ತೆ. ಸಾಲು ಉದ್ದ ಇರೋದರಿಂದ ಒಂದೊಂದು ಹಾರ್ಮೋನಿಕ್ಕೂ ತೆಳ್ಳಗೆ, ಬೇರೆಬೇರೆಯಾಗಿ ನಿಲ್ಲುತ್ತೆ. ಅಕ್ಕಪಕ್ಕದ ಎರಡು ಬೆಸ ಹಾರ್ಮೋನಿಕ್‌ಗಳ ನಡುವಿನ ಜಾಗಕ್ಕೆ ಎಲೆಕ್ಟ್ರಾನ್ ಎರಡು ದಾರಿಯಿಂದ ಬರಬಹುದು. ಕೆಳಗಿನ ಹಾರ್ಮೋನಿಕ್ ನುಂಗಿ ಒಂದು ಅವಕೆಂಪು ಫೋಟಾನ್ ಸೇರಿಸಿಕೊಂಡು, ಇಲ್ಲ ಮೇಲಿನದನ್ನ ನುಂಗಿ ಒಂದು ಅವಕೆಂಪು ಫೋಟಾನ್ ಬಿಟ್ಟುಕೊಟ್ಟು. ಎರಡು ದಾರಿ ಇದ್ದ ಕಡೆ ವ್ಯತಿಕರಣ. ಕನ್ನಡಿ ಸರಿಸಿದ ಹಾಗೆ ಆ ನಡುವಿನ ಗುಂಪು ಮಿಣುಕುತ್ತೆ. ತಡದ ಸುದ್ದಿ ಇರೋದು ಮಿಣುಕು ಎಷ್ಟು ಜರುಗಿದೆ ಅನ್ನೋದರಲ್ಲಿ. ಅದಕ್ಕೆ ಪಲ್ಸ್ ಚಿಕ್ಕದಾಗಿರಲೇಬೇಕು ಅಂತಿಲ್ಲ.

ಮೇಷ್ಟ್ರು: ಯಂಗ್‌ನ ಎರಡು ಸೀಳು!

ಶಿಷ್ಯೆ: ಅದೇ ಸಾರ್, ಶಕ್ತಿಯಲ್ಲಿ ಮಾಡಿದ್ದು. 2017ರಲ್ಲಿ ಲುಂಡ್‌ನ ಲ್ಯುಲಿಯೆ ತಂಡ ಹೀಗೆ ನಿಯಾನನ್ನ ಮತ್ತೆ ಅಳೆಯಿತು. 2s ಎಲೆಕ್ಟ್ರಾನ್ ಒಂದು ಕಡೆ, ಆ ಪಕ್ಕದಲ್ಲಿ ಸೇರಿಕೊಂಡಿದ್ದ ಗುಂಪು ಇನ್ನೊಂದು ಕಡೆ, ಸ್ಪಷ್ಟವಾಗಿ ಬೇರೆಯಾಯ್ತು. ಬೇರೆ ಮಾಡಿದ ಮೇಲೆ 2s, 2p ನಡುವಿನ ತಡ ಲೆಕ್ಕಕ್ಕೆ ಸರಿಹೊಂದಿತು. ಒಬ್ಬ ನೊಬೆಲ್ ವಿಜೇತರ ಅಳತೆಯಲ್ಲಿ ಉಳಿದಿದ್ದ ತೊಡಕನ್ನ ಎರಡನೆಯವರು ಬಿಡಿಸಿದರು, ಮೂರನೆಯವರ ವಿಧಾನದಿಂದ. ಆರು ವರ್ಷ ಬಿಟ್ಟು ಮೂವರೂ ಒಂದೇ ವೇದಿಕೆಯಲ್ಲಿ ನಿಂತರು.

ಮೇಷ್ಟ್ರು: 2010ರ ಪ್ರಯೋಗ ವ್ಯರ್ಥ ಅಂತ ನೀನು ಹೇಳ್ತಿಲ್ಲ.

ಶಿಷ್ಯೆ: ಖಂಡಿತ ಇಲ್ಲ. ಅವರು ಅಂಕಿಯ ಜೊತೆ ಅಳೆದ ರೀತಿಯನ್ನೂ ಪೂರ್ತಿ ಬಿಚ್ಚಿಟ್ಟಿದ್ದರು. ಅದಕ್ಕೇ ಬೇರೆಯವರಿಗೆ ಹುಡುಕೋಕೆ ಆಯಿತು. ನಾನು ಈ ಕ್ಷೇತ್ರಕ್ಕೆ ಬಂದದ್ದೂ ಆ ಎರಡು ಲೇಖನ ಒಟ್ಟಿಗೆ ಓದಿ. ಬರೀ 2017ರದ್ದು ಓದಿದ್ದರೆ ಬರ್ತಿರಲಿಲ್ಲ ಅಂತ ಕಾಣುತ್ತೆ.

ಮೇಷ್ಟ್ರು: ಇದೆಲ್ಲ ಪರಮಾಣುವಿನ ಕಥೆ. ನೀನು ಅಣುಗಳ ಮೇಲೆ ಕೆಲಸ ಮಾಡ್ತೀಯ ಅಲ್ವಾ? ರಸಾಯನಶಾಸ್ತ್ರ ಇರೋದು ಅಲ್ಲಿ.

ಶಿಷ್ಯೆ: ಅಲ್ಲಿ ನಮಗಿಂತ ಮೊದಲೇ ದಾರಿ ಮಾಡಿದವರು ಈಜಿಪ್ಟಿನಲ್ಲಿ ಹುಟ್ಟಿ ಕ್ಯಾಲ್ಟೆಕ್‌ನಲ್ಲಿ ಕೆಲಸ ಮಾಡಿದ ಅಹ್ಮದ್ ಜೆವೈಲ್. ಅಣುವಿನ ಬಂಧ ಕಳಚೋದನ್ನ ಫೆಮ್ಟೊಸೆಕೆಂಡ್ ಲೇಸರಿನಿಂದ ಹಿಂಬಾಲಿಸಿದರು. ಅಯೋಡಿನ್ ಸಯನೈಡಿನ ಬಂಧ ಕಳಚೋಕೆ ಸುಮಾರು 200 ಫೆಮ್ಟೊಸೆಕೆಂಡ್. ಅದಕ್ಕೆ 1999ರ ರಸಾಯನಶಾಸ್ತ್ರದ ನೊಬೆಲ್. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಶಿವ ಉಮಾಪತಿ ಅವರ ತಂಡ ರಾಮನ್ ಚದುರಿಕೆಯನ್ನೇ ಇಂಥ ಕಿರು ಪಲ್ಸ್‌ಗಳಿಂದ ಮಾಡೋ ಒಂದು ವಿಧಾನ ಬೆಳೆಸಿತು. ಬೆಳಕು ಬಿದ್ದ ಅಣುವಿನ ಆಕಾರ ಬದಲಾಗೋದನ್ನ ಅದರಿಂದ ನೋಡಬಹುದು. ಆದರೆ ಇವೆಲ್ಲ ನ್ಯೂಕ್ಲಿಯಸ್‌ಗಳ ಓಡಾಟದ ಕಾಲ. ನ್ಯೂಕ್ಲಿಯಸ್ ಭಾರ, ನಿಧಾನ. ಎಲೆಕ್ಟ್ರಾನ್ ಅದಕ್ಕಿಂತ ಮೊದಲೇ ಜಾಗ ಬದಲಾಯಿಸಿರುತ್ತೆ. 2014ರಲ್ಲಿ ಮಿಲಾನಿನ ಪ್ರಯೋಗದಲ್ಲಿ ಫಿನೈಲ್‌ಅಲನಿನ್ ಅನ್ನುವ ಅಮೈನೊ ಆಮ್ಲಕ್ಕೆ ಆಟೊಸೆಕೆಂಡ್ ಪಲ್ಸ್ ಹಾಯಿಸಿದರು. ಎಲೆಕ್ಟ್ರಾನ್ ಹೋದ ಜಾಗದ ಧನ ಆವೇಶ ಅಣುವಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಓಲಾಡಿದ ಗುರುತು ಸಿಕ್ಕಿತು, ನಾಲ್ಕು ಚಿಲ್ಲರೆ ಫೆಮ್ಟೊಸೆಕೆಂಡಿಗೊಮ್ಮೆ.

ಮೇಷ್ಟ್ರು: ಕ್ಷಣಾರ್ಧದಲ್ಲಿ ನ್ಯೂಕ್ಲಿಯಸ್‌ಗಳೂ ಜರುಗೋಕೆ ಶುರು ಮಾಡಿದರೆ ಆ ಓಲಾಟ ಉಳಿಯುತ್ತಾ?

ಶಿಷ್ಯೆ: ಬಹಳ ಹೊತ್ತು ಉಳಿಯಲ್ಲ. ಎಷ್ಟು ಹೊತ್ತು ಉಳಿಯುತ್ತೆ, ಅಷ್ಟರಲ್ಲಿ ಅದು ಯಾವ ಬಂಧ ಕಳಚಬೇಕು ಅನ್ನೋದನ್ನ ನಿರ್ಧರಿಸುತ್ತಾ ಅನ್ನೋದೇ ನನ್ನ ಕೆಲಸ. ಇದರಲ್ಲಿ ನನಗೆ ತುಂಬ ಇಷ್ಟವಾದ ಪ್ರಯೋಗ ಒಂದಿದೆ, ನಿಮಗೂ ಇಷ್ಟ ಆಗುತ್ತೆ. ಮೂರು ಹೆಜ್ಜೆಯಲ್ಲಿ ಎಲೆಕ್ಟ್ರಾನ್ ತೌರಿಗೆ ಮರಳುತ್ತೆ ಅಂದೆನಲ್ಲ. ಅಣುವಾದರೆ, ಮರಳಿದ ಎಲೆಕ್ಟ್ರಾನ್ ಕೆಲವು ಸಲ ಒಳಗೆ ಬೀಳದೆ ಅಣುವಿನ ನ್ಯೂಕ್ಲಿಯಸ್‌ಗಳಿಗೆ ತಗುಲಿ ಚದುರುತ್ತೆ. ವೇಗ ಸಾಕಷ್ಟಿದ್ದರೆ ಅದರ ಡಿ ಬ್ರಾಯ್ ತರಂಗದೂರ ಬಂಧದ ಉದ್ದಕ್ಕಿಂತ ಚಿಕ್ಕದು.

ಮೇಷ್ಟ್ರು: ಅಂದರೆ ವಿವರ್ತನೆ! ಡೇವಿಸನ್, ಜರ್ಮರ್ ನಿಕ್ಕಲ್ ಹರಳಿನ ಮೇಲೆ ಮಾಡಿದ್ದನ್ನ ಒಂದೇ ಅಣುವಿನ ಮೇಲೆ, ಆ ಅಣುವಿನದೇ ಎಲೆಕ್ಟ್ರಾನಿನಿಂದ!

ಶಿಷ್ಯೆ: 2016ರಲ್ಲಿ ಬಾರ್ಸಿಲೋನಾದ ತಂಡ ಅಸಿಟಿಲೀನಿನಲ್ಲಿ ಇದನ್ನ ಮಾಡಿ ತೋರಿಸಿತು. ಎರಡು ಎಲೆಕ್ಟ್ರಾನ್ ಕಳೆದುಕೊಂಡ ಅಸಿಟಿಲೀನಿನ ಒಂದು ಬಂಧ ಎಳೆದುಹೋಗಿ ಪ್ರೋಟಾನ್ ಕಳಚಿಕೊಳ್ತಿರೋದು, ಸುಮಾರು 9 ಫೆಮ್ಟೊಸೆಕೆಂಡ್ ಆದ ಮೇಲಿನ ಸ್ಥಿತಿ, ವಿವರ್ತನೆಯ ಗುರುತಿನಲ್ಲಿ ಸಿಕ್ಕಿತು.

ಮೇಷ್ಟ್ರು: ಇದರಿಂದ ಜನಕ್ಕೇನು ಪ್ರಯೋಜನ ಅಂತ ನಮ್ಮ ಸ್ಟಾಫ್ ರೂಮಿನಲ್ಲಿ ಕೇಳೇ ಕೇಳ್ತಿದ್ದರು.

ಶಿಷ್ಯೆ: ಡೋನಾ ಸ್ಟ್ರಿಕ್‌ಲ್ಯಾಂಡ್ ಮತ್ತು ಜೆರಾರ್ ಮುರೂ 1985ರಲ್ಲಿ ಕಿರು ಪಲ್ಸ್‌ಗಳನ್ನ ಹಿಗ್ಗಿಸಿ, ಬಲ ಕೊಟ್ಟು, ಮತ್ತೆ ಕುಗ್ಗಿಸೋ ಉಪಾಯ ಕಂಡುಹಿಡಿದರು. ನಮ್ಮ ಲೇಸರುಗಳೂ ಅದರ ಮೇಲೇ ನಿಂತಿವೆ, ಬೆಂಗಳೂರಿನ ಕಣ್ಣಾಸ್ಪತ್ರೆಗಳಲ್ಲಿ ಕಾರ್ನಿಯಾ ಕುಯ್ಯೋ ಫೆಮ್ಟೊ ಲೇಸರೂ ಅದರ ಮೇಲೇ ನಿಂತಿದೆ. ರಕ್ತದ ಅಣುಗಳಲ್ಲಿ ಕಾಯಿಲೆಯ ಗುರುತು ಹುಡುಕೋ ಕೆಲಸವನ್ನ ಕ್ರೌಸ್ ತಂಡ ಈಗ ಮಾಡ್ತಿದೆ. ಆದರೆ ನಿಯಾನಿನ ತಡದಿಂದ ಯಾರಿಗೆ ಏನು ಸಿಗುತ್ತೆ ಅಂತ ಕೇಳಿದರೆ, ನಿಯಾನ್ ಗೊತ್ತಾಗುತ್ತೆ ಅಂತಲೇ ನಾನು ಹೇಳೋದು. ಅದಕ್ಕೆ ನನಗೆ ಸಂಕೋಚ ಇಲ್ಲ.

ಮೇಷ್ಟ್ರು: ಸಂಕೋಚ ಯಾಕೆ? ಒಂದು ಕೊನೇ ಪ್ರಶ್ನೆ. ಮೊದಲ ಹೆಜ್ಜೆಯಲ್ಲಿ ಎಲೆಕ್ಟ್ರಾನ್ ತಡೆಯೊಳಗಿಂದ ನುಸುಳುತ್ತೆ ಅಂದೆ. ನುಸುಳೋಕೆ ಎಷ್ಟು ಹೊತ್ತು? ಆ ತಗಾದೆ ತೀರಿದೆಯಾ?

ಶಿಷ್ಯೆ: ತೀರಿಲ್ಲ. ಜ್ಯೂರಿಕ್‌ನ ಉರ್ಸುಲಾ ಕೆಲ್ಲರ್ ತಂಡ ಲೇಸರಿನ ಕ್ಷೇತ್ರವನ್ನೇ ಗಡಿಯಾರದ ಮುಳ್ಳಿನ ಹಾಗೆ ತಿರುಗಿಸಿ, ಎಲೆಕ್ಟ್ರಾನ್ ಯಾವ ದಿಕ್ಕಿಗೆ ಹಾರಿತು ಅನ್ನೋದರಿಂದ ಕಾಲ ಓದೋ ವಿಧಾನ ತಂದಿತು. 2008ರಲ್ಲಿ ಹೀಲಿಯಂನಲ್ಲಿ ಅಳೆದು ಆ ಕಾಲ 34 ಆಟೊಸೆಕೆಂಡಿಗಿಂತ ಕಡಿಮೆ ಅಂದರು, ಆಮೇಲಿನ ಪ್ರಯೋಗಗಳಲ್ಲಿ ಸೊನ್ನೆಯಲ್ಲ ಅಂದರು. 2019ರಲ್ಲಿ ಆಸ್ಟ್ರೇಲಿಯಾದ ಗ್ರಿಫಿತ್ ವಿಶ್ವವಿದ್ಯಾಲಯದವರು ಹೈಡ್ರೊಜನ್ ಪರಮಾಣುವಿನಲ್ಲಿ ಅಳೆದರು. ಅವರಿಗೆ ಇದ್ದರೂ 1.8 ಆಟೊಸೆಕೆಂಡಿಗಿಂತ ಕಡಿಮೆ. 2020ರಲ್ಲಿ ಟೊರಾಂಟೊದವರು ತಂಪು ಮಾಡಿದ ರುಬಿಡಿಯಂ ಪರಮಾಣುಗಳನ್ನ ಬೆಳಕಿನಿಂದ ಮಾಡಿದ ತಡೆಯೊಳಗೆ ನುಸುಳಿಸಿ 0.61 ಮಿಲಿಸೆಕೆಂಡ್ ಅಂದರು.

ಮೇಷ್ಟ್ರು: ನೀನು ಯಾರ ಕಡೆ?

ಶಿಷ್ಯೆ: ಲೇಸರ್ ಮತ್ತು ಪರಮಾಣುವಿನ ಮಟ್ಟಿಗೆ ಹೈಡ್ರೊಜನ್ ಕಡೆ. ಅದಕ್ಕೊಂದೇ ಎಲೆಕ್ಟ್ರಾನ್. ಸಮೀಕರಣವನ್ನ ಊಹೆ ಬೆರೆಸದೆ ಕಂಪ್ಯೂಟರಿನಲ್ಲಿ ಬಿಡಿಸಿ ಅಳತೆಯ ಪಕ್ಕದಲ್ಲಿಡಬಹುದು. ನಿಯಾನಿನ ಕಥೆ ಓದಿದ ಮೇಲೆ, ಎರಡನೇ ಎಲೆಕ್ಟ್ರಾನ್ ಇರೋ ಕಡೆ ಅವಸರದ ತೀರ್ಮಾನ ನನಗೆ ಬೇಡ.

ಮೇಷ್ಟ್ರು: ಟೊರಾಂಟೊದ ಅಂಕಿ ಅಷ್ಟು ದೊಡ್ಡದಿದೆಯಲ್ಲ! ಅದನ್ನ ಏನು ಮಾಡ್ತೀಯ?

ಶಿಷ್ಯೆ: ಅವರ ತಡೆಯ ಅಗಲ ಒಂದು ಮೈಕ್ರೋಮೀಟರಿಗಿಂತ ಹೆಚ್ಚು, ಪರಮಾಣುಗಳು ಬಹಳ ನಿಧಾನ. ಅವರು ಕೇಳಿದ್ದು ಪರಮಾಣು ತಡೆಯ ಒಳಗೆ ಎಷ್ಟು ಹೊತ್ತು ಇತ್ತು ಅಂತ. ಲೇಸರಿನವರು ಕೇಳಿದ್ದು ಎಲೆಕ್ಟ್ರಾನ್ ತಡೆಯ ಹೊರಗೆ ಯಾವಾಗ ಕಾಣಿಸಿತು ಅಂತ. ಮೊದಲನೇ ಪ್ರಶ್ನೆಯನ್ನ ಹೈಡ್ರೊಜನ್ ಮೇಲೆ ಕೇಳೋ ಪ್ರಯೋಗವನ್ನ ಯಾರಾದರೂ ಕಟ್ಟಿದ್ದು ನನಗೆ ಗೊತ್ತಿಲ್ಲ. ಹೇಗೆ ಕಟ್ಟಬಹುದು ಅಂತ ಒಂದು ಅಂದಾಜು ಹಾಕಿದ್ದೀನಿ, ಚೀಲದಲ್ಲಿದೆ. ನೀವು ಒಮ್ಮೆ ನೋಡಿ ಎಲ್ಲಿ ಬೀಳುತ್ತೆ ಹೇಳಬೇಕು.

ಮೇಷ್ಟ್ರು: ಕೊಡು. ಪೆನ್ಸಿಲ್ಲೂ ಕೊಡು.